ಸಗರನಾಡಿನ ಪಿಕಪ್ ಮೀಮಾಂಸೆ

ಹಳೆಯ ಪಿಕಪ್ ಗಾಡಿಯನ್ನು ಮನೆಯ ಮುಂದೆಯೇ ಬಿಚ್ಚಿ, ತೊಳೆದು, ತಿದ್ದಿ, ಕಾರ್ಖಾನೆ ಕೊಟ್ಟದ್ದಕ್ಕಿಂತ ಒಂದು ತೂಕ ಹೆಚ್ಚಾಗುವಂತೆ ಮತ್ತೆ ಜೋಡಿಸುವ ವಿದ್ಯೆಗೆ ಕನ್ನಡದಲ್ಲಿ ಇದುವರೆಗೆ ಒಂದು ಲಕ್ಷಣಗ್ರಂಥವಿಲ್ಲ. ಕವಿಗಳಿಗೆ ದಾರಿ ತೋರುವ ‘ಕವಿರಾಜಮಾರ್ಗ’ ಇದೇ ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲೇ ಸಿದ್ಧವಾಯಿತು. ಪಿಕಪ್‌ನವರು ಮಾತ್ರ ಸಾವಿರಕ್ಕೂ ಹೆಚ್ಚು ವರ್ಷ ಕಾದರು. ಆ ಕೊರತೆಯನ್ನು ಯಾದಗಿರಿ ಜಿಲ್ಲೆ, ಸುರಪುರ ತಾಲೂಕಿನ ಕೆಂಭಾವಿಯನ್ನು ಕೇಂದ್ರವಾಗಿಟ್ಟುಕೊಂಡು ನೀಗಿಸಲು ಈ ಪ್ರಬಂಧ ಹೊರಟಿದೆ.

ಯಾವ ಶಾಸ್ತ್ರಕ್ಕೂ ಪ್ರಾಚೀನತೆ ಬೇಕು. ಈ ಶಾಸ್ತ್ರಕ್ಕೆ ಅದು ಬೇಕಾದಷ್ಟಿದೆ. ಇದೇ ಸೀಮೆಯ ಹುಣಸಗಿ–ಬೈಚಬಾಳ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದು ಹಳೆಶಿಲಾಯುಗದ ಒಂದು ಕಾರ್ಯಾಗಾರವನ್ನು: ಸುಣ್ಣಕಲ್ಲಿನ ಚಪ್ಪಡಿಗಳನ್ನು ಅಲ್ಲೇ ಎಬ್ಬಿಸಿ, ಅಲ್ಲೇ ಒಡೆದು, ಅಲ್ಲೇ ಕೈಗೊಡಲಿ ಮಾಡಿಕೊಂಡ ಜಾಗ. ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ. ಸಾಮಾನು ಬಿದ್ದಲ್ಲೇ ಕೆಲಸ ಎಂಬ ಸೂತ್ರ ಅಂದಿನಿಂದ ಕೆಟ್ಟಿಲ್ಲ. ಇಂದಿಗೂ ಈ ಸೀಮೆಯ ಎರೆ ಮಣ್ಣಿನಲ್ಲಿ ಜಾಕ್ ಹಚ್ಚಿದರೆ ಗಾಡಿ ಏಳುವ ಬದಲು ಜಾಕ್ ಇಳಿಯುತ್ತದೆ; ಆದ್ದರಿಂದ ಅದರ ಕೆಳಗೆ ಶಹಾಬಾದ್ ಫರಸಿಯ ಒಂದು ತುಂಡು ಇಡಬೇಕು. ಅದೂ ಸುಣ್ಣಕಲ್ಲೇ. ಇಸಾಂಪುರದ ಕಾಲವನ್ನು ವಿದ್ವಾಂಸರು ನಿರ್ಧರಿಸಿದ್ದು ದನದ ಜಾತಿಯ ಪ್ರಾಣಿಯ ಹಲ್ಲಿನಿಂದ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವ ಕೆಂಭಾವಿಯ ರೈತ ಮೀಟರಿನ ಅಂಕಿ ನಂಬದೆ ಗೇರ್‌ಬಾಕ್ಸಿನ ಹಲ್ಲು ನೋಡುವುದು ಇದೇ ಸಂಶೋಧನಾ ವಿಧಾನ.

ಸಾಗಾಣಿಕೆಯ ವಿಷಯದಲ್ಲಿ ಊರಿನ ಕೀರ್ತಿ ಶರಣರ ಕಾಲದ್ದು. ಶರಣ ಕೆಂಭಾವಿ ಭೋಗಣ್ಣನನ್ನು ಊರವರು ಹೊರಹಾಕಿದಾಗ ಗುಡಿಗಳ ಲಿಂಗಗಳೆಲ್ಲ ಎದ್ದು ಅವನ ಬೆನ್ನು ಹತ್ತಿದವು ಎಂದು ಶರಣರ ಕಥೆಗಳು ಹೇಳುತ್ತವೆ. ಇಷ್ಟು ಭಾರದ ಲೋಡು, ಡೀಸೆಲ್ ಇಲ್ಲದೆ, ಪರ್ಮಿಟ್ ಇಲ್ಲದೆ, ಆಮೇಲೆ ಈ ಊರಿಂದ ಹೊರಟಿಲ್ಲ.

ಇನ್ನು ಗ್ರಂಥಸ್ಥ ವಾಹನಗಳು. ಮೊದಲು ಟಾಟಾ ಏಸ್: 2005ರಲ್ಲಿ ಬಂತು, ‘ಛೋಟಾ ಹಾಥಿ’ ಎಂದು ಹೆಸರಾಯಿತು. ಇಂಡಿಕಾ ಕಾರಿನ 1,405 ಸಿಸಿಯ ಎಂಜಿನ್ನನ್ನು ನಡುವೆ ಸೀಳಿದಂತೆ ಎರಡು ಸಿಲಿಂಡರು, 702 ಸಿಸಿ, 16 ಅಶ್ವಶಕ್ತಿ; ಹೇರಬೇಕಾದ ತೂಕ 750 ಕಿಲೊ. ಎರಡನೆಯದು ಮಹೀಂದ್ರಾ ಬೊಲೆರೊ ಪಿಕಪ್: ನಾಲ್ಕು ಸಿಲಿಂಡರು, 2,523 ಸಿಸಿ, ಮಾದರಿಗೆ ತಕ್ಕಂತೆ 1.3, 1.5, 1.7 ಟನ್. ಇವೆರಡರ ನಡುವೆ ಟಾಟಾ 207, ಅಶೋಕ್ ಲೇಲ್ಯಾಂಡ್ ದೋಸ್ತ್ ಮೊದಲಾದ ಉಪಪುರಾಣಗಳಿವೆ. ಕಾಲನಿರ್ಣಯಕ್ಕೆ ಶಾಸನಾಧಾರ ನಂಬರ್ ಪ್ಲೇಟು. ಕೆಎ 33 ಇದ್ದರೆ ಯಾದಗಿರಿಯ ಸ್ವಂತ ಕುಡಿ, 32 ಇದ್ದರೆ ಕಲಬುರಗಿಯಿಂದ ಬಂದ ಸೊಸೆ, 36 ರಾಯಚೂರು, 28 ವಿಜಯಪುರ. ಪ್ಲೇಟಿನ ಬಣ್ಣ ಮಾಸಿ ಅಕ್ಷರ ಅರ್ಧ ಅಳಿಸಿದ್ದರೆ ಅದನ್ನು ತ್ರುಟಿತ ಶಾಸನವೆಂದು ಎಣಿಸಬೇಕು. ಅದನ್ನು ಓದಿಕೊಡುವ ಲಿಪಿತಜ್ಞರು ಪೊಲೀಸ್ ಇಲಾಖೆಯಲ್ಲಿದ್ದಾರೆ.

ಇಲ್ಲಿಂದ ಮುಖ್ಯ ಸಿದ್ಧಾಂತ. ಸಗರನಾಡಿನ, ಅಂದರೆ ಈ ಸುರಪುರ–ಶಹಾಪುರ ಸೀಮೆಯ, ಪಿಕಪ್ ಸುಧಾರಕರು ಎರಡು ಪಕ್ಷಗಳಾಗಿ ಒಡೆದಿದ್ದಾರೆ. ಒಡೆದವರು ಆಚಾರ್ಯರಲ್ಲ, ನೀರಾವರಿ ಎಂಜಿನಿಯರುಗಳು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಮತ್ತು ಶಾಖೆಗಳು ಸುರಪುರ, ಶಹಾಪುರದ ಹೊಲಗಳಿಗೆ ಹರಿದವು. ನೀರು ಹತ್ತಿದಲ್ಲಿ ಭತ್ತ ಬಂತು, ಹತ್ತದಲ್ಲಿ ಹತ್ತಿ, ತೊಗರಿ ಉಳಿದವು. ಭತ್ತಕ್ಕೆ ತೂಕವಿದೆ, ಆಕಾರ ಸಣ್ಣದು. ಹತ್ತಿಗೆ ಆಕಾರವೇ ಆಕಾರ, ತೂಕ ಹೆಸರಿಗೆ. ಆದ್ದರಿಂದ ಕಾಲುವೆ ಕೆಳಗಿನವರು ಪಾಟಾ (ಸ್ಪ್ರಿಂಗ್ ಪಟ್ಟಿ) ಪಕ್ಷ, ಮೇಲಿನ ಒಣಬೇಸಾಯದವರು ಜಾಲರಿ ಪಕ್ಷ.

ಪಾಟಾ ಪಕ್ಷದ ಗಣಿತ ಹೀಗೆ. ಈ ಭಾಗದಲ್ಲಿ ಭತ್ತದ ಚೀಲವೆಂದರೆ 75 ಕಿಲೊ. ಏಸ್‌ನ ಅಧಿಕೃತ ಲೋಡು ಲೆಕ್ಕಕ್ಕೆ ಸರಿಯಾಗಿ ಹತ್ತೇ ಚೀಲ. ಹತ್ತು ಚೀಲ ಹೇರಿಕೊಂಡು ಹೊರಟವನನ್ನು ನೋಡಿ ಓಣಿಯ ಹಿರಿಯರು “ಯಾಕಪಾ, ಬೆಳಿ ಬಂದಿಲ್ಲೇನು?” ಎಂದು ಕೇಳುತ್ತಾರೆ. ಈ ಮರ್ಯಾದೆ ಪ್ರಶ್ನೆಗೆ ಉತ್ತರವಾಗಿ ಹಿಂದಿನ ಆಕ್ಸಲ್ ಮೇಲೆ ಪಾಟಾ ಏರಿಸುವ ಪದ್ಧತಿ ಹುಟ್ಟಿತು. ಗುಜರಿಯಿಂದ ತಂದ ಒಂದು ಹೆಚ್ಚಿನ ಪಾಟಾವನ್ನು ಅಳತೆಗೆ ಕತ್ತರಿಸಿ, ಕಟ್ಟಿನ ನಡುವೆ ಸೇರಿಸಿ, ಯು-ಬೋಲ್ಟ್ ಬಿಗಿದರೆ ಮುಗಿಯಿತು: ಇಪ್ಪತ್ತು ಚೀಲ ಹೇರಿದರೂ ಗಾಡಿ ಕೂರುವುದಿಲ್ಲ. ಪೂರ್ವಪಕ್ಷದ ಆಕ್ಷೇಪವೊಂದುಂಟು. ಪಾಟಾ ಹೆಚ್ಚಿದರೂ ಬ್ರೇಕು, ಆಕ್ಸಲ್, ಟೈರು, ಬೇರಿಂಗು ಕಾರ್ಖಾನೆಯಿಂದ ಬಂದಷ್ಟೇ ಇವೆಯಲ್ಲ? ಗಾಡಿ ಕೂರದಿರುವುದಕ್ಕೂ ಇಳಿಜಾರಿನಲ್ಲಿ ನಿಲ್ಲುವುದಕ್ಕೂ ಸಂಬಂಧವಿಲ್ಲವಲ್ಲ? ಈ ಆಕ್ಷೇಪ ಅಖಂಡನೀಯ. ಪಾಟಾ ಪಕ್ಷದವರು ಅದನ್ನು ಖಂಡಿಸುವ ಗೋಜಿಗೆ ಹೋಗದೆ ಬೋನೆಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ.

ಜಾಲರಿ ಪಕ್ಷದವರು ಊರ್ಧ್ವಮುಖಿಗಳು. ಫಾಲ್ಕಾದ (ಡಬ್ಬಿಯ ಅಂಚಿನ ತಡೆ) ಮೇಲೆ ಕಬ್ಬಿಣದ ಜಾಲರಿ ವೆಲ್ಡಿಂಗ್ ಮಾಡಿಸಿ, ಹತ್ತಿ ಅಂಡಿಗಿಗಳನ್ನು ಕೇಬಿನ್ನಿನ ಎರಡರಷ್ಟು ಎತ್ತರ ಒಟ್ಟಿ, ಮೇಲೆ ತಾಡಪತ್ರಿ ಎಳೆದು, ಹಳೆ ಟ್ಯೂಬಿನ ಪಟ್ಟಿಗಳಿಂದ ಬಿಗಿದು ಶಹಾಪುರದ ಹತ್ತಿ ಮಿಲ್ಲುಗಳ ಕಡೆ ಹೊರಡುತ್ತಾರೆ. ಇವರ ಶತ್ರು ತೂಕವಲ್ಲ. ಗಾಳಿ, ತಿರುವು, ಜೋತುಬಿದ್ದ ವಿದ್ಯುತ್ ತಂತಿ. ತಂತಿ ಎತ್ತಿ ಹಿಡಿಯಲು ಲೋಡಿನ ಮೇಲೆ ಒಣ ಬಿದಿರಿನ ಗಳ ಹಿಡಿದು ಕೂರುವ ತಮ್ಮನಿಗೆ ಶಾಸ್ತ್ರದಲ್ಲಿ ಯಾವ ಸ್ಥಾನ ಕೊಡಬೇಕೆಂಬುದು ಇತ್ಯರ್ಥವಾಗಿಲ್ಲ. ಸಂಬಳವಿಲ್ಲವಾದ್ದರಿಂದ ಅವನನ್ನು ‘ಶಿಷ್ಯ’ ಎಂದು ಪರಿಗಣಿಸಬಹುದು. ಅಮೆರಿಕದಲ್ಲೂ ಪಿಕಪ್ ಎತ್ತರಿಸುವ ಚಟವಿದೆ, ಆದರೆ ಅಲ್ಲಿ ಚಾಸಿಯನ್ನೇ ಗಾಲಿಗಳಿಂದ ಮೇಲೆತ್ತಿ ಹಿಂದಿನ ಡಬ್ಬಿಯನ್ನು ಖಾಲಿ ಬಿಟ್ಟು ಓಡಾಡುತ್ತಾರಂತೆ. ಕೆಂಭಾವಿಯಲ್ಲಿ ಖಾಲಿ ಗಾಡಿ ಓಡಿಸುವವನನ್ನು ಮನೆಯವರು ವೈದ್ಯರಿಗೆ ತೋರಿಸುತ್ತಾರೆ.

ದುರಸ್ತಿಯ ವಿಷಯಕ್ಕೆ ಬಂದರೆ ಭರತಮುನಿಯನ್ನು ಬಿಟ್ಟು ಗತಿಯಿಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ಒಂದೊಂದು ರಸಕ್ಕೆ ಒಂದೊಂದು ಬಣ್ಣ ಹೇಳುತ್ತದೆ: ಹಾಸ್ಯಕ್ಕೆ ಬಿಳಿ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ. ಡೀಸೆಲ್ ಹೊಗೆಯನ್ನು ನೋಡಿದವರಾರೂ ಇದು ಕಾಕತಾಳೀಯವೆಂದು ಒಪ್ಪಲಾರರು. ಚಳಿಗಾಲದ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಉರಿಯದ ಡೀಸೆಲ್ಲು ಬಿಳಿ ಹೊಗೆಯಾಗಿ ಬಂದು ಎರಡು ನಿಮಿಷದಲ್ಲಿ ಹೋದರೆ ಅದು ಹಾಸ್ಯ, ನಕ್ಕು ಬಿಡಬೇಕು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ ಇಲ್ಲವೆ ನಾಝಲ್ ಹೆಚ್ಚು ಡೀಸೆಲ್ ಉಗುಳುತ್ತಿದೆ. ಹತ್ತಿಯ ನಾರು, ಎರೆ ಧೂಳು ಹಾರುವ ಸುಗ್ಗಿಯಲ್ಲಿ ಈ ಭಯಾನಕ ರಸ ವಾರಕ್ಕೊಮ್ಮೆ ಕಾಣುತ್ತದೆ, ಫಿಲ್ಟರ್ ಬಿಚ್ಚಿ ಜಾಡಿಸಿದರೆ ಶಮನ. ನೀಲಿ ಹೊಗೆ ಬಂತೆಂದರೆ ಎಂಜಿನ್ ಆಯಿಲ್ಲೇ ಸುಡುತ್ತಿದೆ.

“ಏ ತಮ್ಮಾ, ಹೊಗಿ ಬಣ್ಣ ಯಾವ್ದದ ನೋಡು.”

“ನೀಲಿ ಅದ ಅಣ್ಣಾ.”

“ಹಂಗಾರ ರಿಂಗ್ ಹೋಗ್ಯಾವ. ಈ ವರ್ಷ ಮನಿಗಿ ಸುಣ್ಣ ಇಲ್ಲ.”

ಬೀಭತ್ಸ ರಸಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಆಲಂಕಾರಿಕರಲ್ಲಿ ಸಿಗದು.

ಆನಂದವರ್ಧನನ ಧ್ವನಿತತ್ವವೂ ಇಲ್ಲಿ ದಿನಬಳಕೆಯಲ್ಲಿದೆ. ಗಾಡಿ ಕದಲುವಾಗ ಕೆಳಗಿನಿಂದ ‘ಟಣ್’ ಎಂದರೆ ವಾಚ್ಯಾರ್ಥ ಬರೀ ಸದ್ದು. ಲಕ್ಷ್ಯಾರ್ಥ, ಜಾಯಿಂಟಿನ ಕ್ರಾಸ್ ಸವೆದಿದೆ. ವ್ಯಂಗ್ಯಾರ್ಥ, ಹೆಂಡತಿಗೆ ಹೇಳಿದ್ದ ಬೆಳ್ಳಿಯ ಕಾಲುಂಗುರ ಮುಂದಿನ ದೀಪಾವಳಿಗೆ. ವೇಗ ಹೆಚ್ಚಿದಂತೆ ಹೆಚ್ಚುವ ‘ಗುಂಯ್’ ಸದ್ದಿನ ವ್ಯಂಗ್ಯಾರ್ಥ ವ್ಹೀಲ್ ಬೇರಿಂಗು. ಸಹೃದಯನಾದ ಮಿಸ್ತ್ರಿ ಗಾಡಿ ಓಣಿಯ ತಿರುವಿನಲ್ಲಿ ಇರುವಾಗಲೇ ರೋಗ ಹೇಳುತ್ತಾನೆ. ಸಹೃದಯನಲ್ಲದವನು ಟೇಪ್ ಡೆಕ್ಕಿನ ಸದ್ದು ಹೆಚ್ಚಿಸುತ್ತಾನೆ. ಡೆಕ್ಕು ನಿಂತಾಗ ಅರ್ಥವಾಗುವುದು ರಸ್ತೆ ಬದಿಯಲ್ಲಿ. ಅಲಂಕಾರ ಪಂಥದ ರೇಡಿಯಂ, ಗೊಂಡೆ, ಮೂರು ಸ್ವರದ ಹಾರ್ನುಗಳನ್ನು ಕುರಿತು ಬರೆಯಲು ಹೊರಟರೆ ಬೇರೆ ಸಂಪುಟವೇ ಬೇಕು. ಆ ಪಂಥದವರ ಎಂಜಿನ್ನುಗಳು ಸಾಮಾನ್ಯವಾಗಿ ಕಳಪೆ ಎಂದಷ್ಟೇ ಹೇಳಿ ಮುಂದುವರಿಯಬಹುದು.

ಔಚಿತ್ಯ ವಿಚಾರದ ಆಚಾರ್ಯ ಕ್ಷೇಮೇಂದ್ರನ ಸ್ಥಾನದಲ್ಲಿ ಇಲ್ಲಿ ಮೋಟಾರು ವಾಹನ ಕಾಯ್ದೆ ಇದೆ. 1988ರ ಆ ಕಾಯ್ದೆಯ 52ನೆಯ ಕಲಮು, ತಯಾರಕರು ನಿಗದಿ ಮಾಡಿದ್ದಕ್ಕೂ ನೋಂದಣಿ ಪುಸ್ತಕಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕ ಮಾಡಿಸಿದ ಒಂದೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗೆ ಜೈಲು. ಹೆಚ್ಚು ಹೇರಿದರೆ 20,000 ರೂಪಾಯಿ, ಹೆಚ್ಚಿನ ಟನ್ನೊಂದಕ್ಕೆ ಮತ್ತೆ ಎರಡು ಸಾವಿರ. ಎಂಟು ವರ್ಷ ದಾಟಿದ ಸರಕು ಗಾಡಿ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕು. ಅದರ ಮುನ್ನಾ ದಿನ ಮನೆಯಂಗಳದಲ್ಲಿ ನಡೆಯುವುದು ಪಾಠಪರಿಷ್ಕರಣ: ಪ್ರಕ್ಷಿಪ್ತ ಪಾಟಾ ಹೊರಗೆ, ಜಾಲರಿ ಹೊರಗೆ, ಹಾರ್ನು ಹೊರಗೆ, ಇಂಡಿಕೇಟರ್ ಒಳಗೆ. ಶುದ್ಧ ಮೂಲಪಾಠ ಯಾದಗಿರಿಗೆ ಹೋಗಿ ಬರುತ್ತದೆ. ಸಂಜೆಯ ಹೊತ್ತಿಗೆ ಎಲ್ಲ ಪ್ರಕ್ಷೇಪಗಳೂ ಸ್ವಸ್ಥಾನ ಸೇರಿರುತ್ತವೆ. ಜಾಲರಿಯನ್ನು ಈಗೀಗ ವೆಲ್ಡಿಂಗ್ ಬಿಟ್ಟು ನಟ್ಟು-ಬೋಲ್ಟಿನಲ್ಲಿ ಕೂರಿಸುವ ಹೊಸ ಸಂಪ್ರದಾಯದ ಹಿಂದಿನ ತರ್ಕ ಇದೇ.

ಒಂದು ಮಾರ್ಪಾಡಿನ ಮುಂದೆ ಮಾತ್ರ ಶಾಸ್ತ್ರ ನಗುವುದನ್ನು ಬಿಡಬೇಕಾಗುತ್ತದೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳನ್ನು ಹಿಂದಿನ ಡಬ್ಬಿಯಲ್ಲಿ ತುಂಬಲು ಅಡ್ಡಡ್ಡ ಹಲಗೆ ಜೋಡಿಸುವ ‘ಸುಧಾರಣೆ’ ಅದು. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬೆಳಗಿನ ಐದು ಗಂಟೆಗೆ ಹೊಲದ ದಾರಿಯಲ್ಲಿ ಬೇರೆ ಬಸ್ಸಿಲ್ಲ ಎಂಬುದೂ ಗೊತ್ತು. ಹೆಚ್ಚಿನ ಪಾಟಾ ಹಾಕಿದ ಗಾಡಿ ಖಾಲಿಯಾಗಿದ್ದಾಗ ಕಲ್ಲಿನಂತೆ ಕುಪ್ಪಳಿಸುತ್ತದೆ. ಹಲಗೆಯ ಮೇಲೆ ಕುಳಿತವರಿಗೆ ಹಿಡಿದುಕೊಳ್ಳಲು ಪಕ್ಕದವಳ ಭುಜವೊಂದೇ. ಪಾಟಾ ಪಕ್ಷ, ಜಾಲರಿ ಪಕ್ಷ ಎರಡೂ ಒಮ್ಮತದಿಂದ ತಪ್ಪು ಮಾಡುವ ಏಕೈಕ ಅಧಿಕರಣವಿದು.

ಉತ್ತರಾಧಿಕಾರದ ಪ್ರಶ್ನೆಗೆ ಪ್ರಮಾಣ ನೆರೆಯಲ್ಲೇ ಇದೆ. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ, ಮರ್ತೂರಿನ ವಿಜ್ಞಾನೇಶ್ವರ ತನ್ನ ‘ಮಿತಾಕ್ಷರಾ’ದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂದ. ಹೊಲ ಹಂಚಬಹುದು, ಎತ್ತಿನ ಜೋಡಿಯನ್ನೂ ಒಂದೊಂದಾಗಿ ಹಂಚಬಹುದು. ಪಿಕಪ್ ಹಂಚುವುದು ಹೇಗೆ? ಚಾಸಿ ತಂದೆಯದು, ಎಂಜಿನ್ನಿನ ರಿಂಗು, ಪಿಸ್ಟನ್ನು ಹಿರಿಯವನ ದುಡ್ಡಿನವು, ನಾಲ್ಕು ಟೈರು ಕಿರಿಯವನ ಮಾವ ಕೊಟ್ಟದ್ದು, ಬ್ಯಾಟರಿ ಸಾಲದ್ದು. ಪಂಚರ ಸಾಮಾನ್ಯ ತೀರ್ಪು: ಸುಗ್ಗಿಯ ಬಾಡಿಗೆ ಸಮಪಾಲು, ದುರಸ್ತಿ ಯಾರ ಪಾಳಿಯಲ್ಲಿ ಕೆಟ್ಟಿತೋ ಅವರದು. ಪರಿಣಾಮವಾಗಿ ಗಾಡಿ ಕೆಡುವುದೇನಿದ್ದರೂ ಪಾಳಿ ಬದಲಾದ ಮರುದಿನ.

ಈ ಶಾಸ್ತ್ರದ ಪ್ರಾಚೀನಯುಗ 2020ರ ಏಪ್ರಿಲ್ 1ಕ್ಕೆ, ಬಿಎಸ್-6 ಮಾನದಂಡ ಜಾರಿಯಾದ ದಿನ, ಮುಗಿಯಿತೆನ್ನಬಹುದು. ಹಳೆ ಗಾಡಿಯಲ್ಲಿ ಡೀಸೆಲ್ ಖಾಲಿಯಾಗಿ ಏರ್ ಲಾಕ್ ಆದರೆ, ಪಂಪಿನ ನಟ್ಟು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಯಿಂದ ಒತ್ತಿ ಮತ್ತೆ ಬಿಗಿದರೆ ಸಾಕಿತ್ತು. ಬೇಕಾದದ್ದು ಒಂದು ಪಾನಾ, ಒಂದು ಹರಕು ಬಟ್ಟೆ. ಹೊಸದರಲ್ಲಿ ಒಂದು ಸೆನ್ಸರ್ ಮುನಿಸಿಕೊಂಡರೂ ದೀಪ ಹತ್ತಿ, ಗಾಡಿ ಕುಂಟಿ, ಸ್ಕ್ಯಾನರ್ ಇರುವ ಊರಿಗೆ ಹೋಗಬೇಕು. ತಮ್ಮ ಗಾಡಿಯನ್ನು ತಾವು ಬಯಸಿದಲ್ಲಿ ರಿಪೇರಿ ಮಾಡಿಸುವ ಹಕ್ಕಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಬೇಕಾಯಿತು. ಭಾರತ ಸರ್ಕಾರವೂ 2022ರ ಜುಲೈಯಲ್ಲಿ ಇದಕ್ಕೊಂದು ಸಮಿತಿ ಮಾಡಿತು. ಕೆಂಭಾವಿಯಲ್ಲಿ ಅಂಥ ಹಕ್ಕೊಂದಿದೆಯೆ ಎಂದು ಯಾರೂ ವಿಚಾರಿಸಿರಲಿಲ್ಲ, ಬೇವಿನ ಗಿಡದ ನೆರಳಿದ್ದರೆ ಸಾಕಿತ್ತು. ಆದ್ದರಿಂದಲೇ ಹಳೆಯ, ಕಂಪ್ಯೂಟರಿಲ್ಲದ ಗಾಡಿ ಮಾರಾಟಕ್ಕಿದೆ ಎಂದರೆ ಇಲ್ಲಿ ಈಗಲೂ ಮೂರು ಊರಿನವರು ಓಡಿಬರುತ್ತಾರೆ.

ಮುಂದಿನ ಸಂಶೋಧಕರಿಗೆ ಕ್ಷೇತ್ರಕಾರ್ಯದ ಕಾಲವೇ ದೊಡ್ಡ ತೊಡಕು. ಅಕ್ಟೋಬರಿನಿಂದ ಹತ್ತಿ, ಡಿಸೆಂಬರಿನಿಂದ ತೊಗರಿ, ಆಮೇಲೆ ಮೆಣಸಿನಕಾಯಿ: ಕೈಯಲ್ಲಿ ದುಡ್ಡಿರುತ್ತದೆ, ಗಾಡಿ ಮನೆಯಲ್ಲಿರುವುದಿಲ್ಲ. ಕಾಲುವೆ ಬಂದ್ ಆದ ಬೇಸಿಗೆಯಲ್ಲಿ ಗಾಡಿ ಮನೆ ಮುಂದೆ ಇರುತ್ತದೆ, ದುಡ್ಡಿರುವುದಿಲ್ಲ. ಆದ್ದರಿಂದ ಸುಧಾರಣೆಗಳೆಲ್ಲ ಬೇಸಿಗೆಯಲ್ಲಿ ಉದ್ರಿಯಲ್ಲಿ ಆಗುತ್ತವೆ. ಅಂಗಡಿಯವನ ಖಾತೆ ಪುಸ್ತಕವೇ ಈ ಶಾಸ್ತ್ರದ ಏಕೈಕ ಲಿಖಿತ ಆಕರ, ಅದನ್ನು ಅವನು ಬಾಕಿದಾರರ ಹೊರತು ಬೇರಾರಿಗೂ ತೋರಿಸುವುದಿಲ್ಲ.