ಫೋನ್ ಕಾಯುವ ಪೈಲಟ್ಟು

ಕೆಲಸಕ್ಕೆ ವಿಮಾನದಲ್ಲಿ ಹೋಗಿಬರುವವರೆಂದರೆ ಯಾರಿಗಾದರೂ ಹೊಟ್ಟೆಕಿಚ್ಚಾದೀತು. ಸ್ವಲ್ಪ ತಡೆಯಿರಿ. ಅಮೆರಿಕದಲ್ಲಿ ಮನೆ ಟ್ಯಾಂಪಾದಲ್ಲಿ, ಡ್ಯೂಟಿ ಶುರುವಾಗುವ ಬೇಸ್ ನ್ಯೂಯಾರ್ಕಿನಲ್ಲಿ ಎಂಬಂಥ ಪೈಲಟ್‌ಗಳು ಬೇಕಾದಷ್ಟಿದ್ದಾರೆ. ಸೀನಿಯಾರಿಟಿ ಇಲ್ಲದವರ ಹಣೆಯಲ್ಲಿ ಬರೆದದ್ದು ರಿಸರ್ವ್ ಡ್ಯೂಟಿ. ಇನ್ನೊಬ್ಬರಿಗೆ ಜ್ವರ ಬಂದರೆ ಇವರಿಗೆ ಹಾರಾಟ!

ರಿಸರ್ವಿನಲ್ಲಿ ಲಾಂಗ್ ಕಾಲ್ ಸಿಕ್ಕರೆ ಪುಣ್ಯ, ಫೋನ್ ಸಾಕಷ್ಟು ಮೊದಲೇ ಬರುತ್ತದೆ, ಮನೆಯಲ್ಲೇ ಕೂತು ಕಾಯಬಹುದು. ಶಾರ್ಟ್ ಕಾಲ್ ಆದರೋ, ಫೋನ್ ಬಂದ ಎರಡು ಗಂಟೆ ಆಸುಪಾಸಿನಲ್ಲಿ ಟೈ ಕಟ್ಟಿಕೊಂಡು ಹಾಜರಿರಬೇಕು. ಅಷ್ಟು ಹೊತ್ತಿಗೆ ಟ್ಯಾಂಪಾದವನು ಸೆಕ್ಯುರಿಟಿ ಸಾಲು ದಾಟಿದ್ದರೆ ಅದೇ ಸಾಧನೆ. 2014ರಿಂದ ಜಾರಿಯಲ್ಲಿರುವ, ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮದ ಪ್ರಕಾರ ಹೀಗೆ ಕಾಯಿಸುವುದು ಒಂದು ಸರದಿಗೆ 14 ಗಂಟೆ ಮೀರುವಂತಿಲ್ಲ. ದೊಡ್ಡ ಮನಸ್ಸು! ಮನೆಯಿಂದ ಬೇಸಿಗೆ ಬರುವ ಪಾಡು ಮಾತ್ರ ಅವರವರದೇ. ಅದು ಡ್ಯೂಟಿಯ ಲೆಕ್ಕಕ್ಕಿಲ್ಲ.

ಹಾಗಾಗಿ ಏರ್‌ಪೋರ್ಟಿನ ಹತ್ತಿರ ಕ್ರ್ಯಾಶ್ ಪ್ಯಾಡ್ ಎಂಬ ಬಾಡಿಗೆ ಗೂಡು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಕ್ಯೂ ಗಾರ್ಡನ್ಸ್ ಇಂಥವಕ್ಕೇ ಹೆಸರುವಾಸಿ. ಅಟ್ಟಣೆ ಮಂಚ, ಒಂದೇ ಬಚ್ಚಲು, ದಿಂಬಿನಡಿ ಫೋನು. ಯಾರದೋ ಫೋನ್ ಹೊಡೆದುಕೊಂಡರೆ ಕೋಣೆಯವರೆಲ್ಲ ಎದ್ದು ಪ್ಯಾಂಟು ಹುಡುಕುತ್ತಾರೆ. ಕಂಪನಿಯದಲ್ಲ, ನಲ್ಲಿ ಸೋರುತ್ತಿದೆಯೆಂದು ಹೆಂಡತಿ ಮಾಡಿದ್ದು.

ಕೊನೆಗೆ ಬಿಡುಗಡೆಯಾಗಿ ಊರಿಗೆ ಓಡಿದರೆ, ವಿಮಾನ ಭರ್ತಿ. ಕಾಕ್‌ಪಿಟ್ಟಿನ ಜಂಪ್‌ಸೀಟೆಂಬ ಹೆಚ್ಚುವರಿ ಸೀಟಿನಲ್ಲಿ ಆಗಲೇ ಯಾರೋ ಹಿರಿಯರು ಬೆಲ್ಟ್ ಬಿಗಿದು ಕೂತಿರುತ್ತಾರೆ.