ಹಿಂಬರಹ ಮೀಮಾಂಸೆ

ಯಾವ ಶಾಸ್ತ್ರಗ್ರಂಥಕ್ಕಾದರೂ ಮೊದಲು ಅನುಬಂಧ ಚತುಷ್ಟಯ ಬೇಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇದು ವೇದಾಂತಿಗಳ ಕಾಣಿಕೆ ಎಂದು ಪಂಡಿತರ ನಂಬಿಕೆ. ಗ್ರಾಮ ಪಂಚಾಯ್ತಿಯ ಪತ್ರವ್ಯವಹಾರವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವರು ಮಾತ್ರ ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಅಲ್ಲಿ ಅಧಿಕಾರಿ ಇದ್ದೇ ಇರುತ್ತಾರೆ (ಸೀಟಿನಲ್ಲಿ ಇರುತ್ತಾರೆಂದು ಅರ್ಥವಲ್ಲ). ವಿಷಯವು ಪ್ರತಿ ಪತ್ರದ ನೆತ್ತಿಯ ಮೇಲೇ ಕೂತಿರುತ್ತದೆ. ‘ನಿಮಗೂ ಇದಕ್ಕೂ ಏನ್ರೀ ಸಂಬಂಧ?’ ಎಂಬುದು ಟೇಬಲ್ಲಿನಾಚೆಯ ಮೊದಲ ಪ್ರಶ್ನೆ. ‘ತಗೊಂಡು ಏನು ಪ್ರಯೋಜನ?’ ಎಂಬುದು ಎರಡನೆಯದು. 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಮಾಹಿತಿ ಹಕ್ಕು ಅಧಿನಿಯಮವು ಈ ಚತುಷ್ಟಯದ ಕೊನೆಯ ಎರಡನ್ನು ಕಿತ್ತುಹಾಕಿತು. ಕಲಂ 3ರ ಪ್ರಕಾರ ನಾಗರಿಕನಾಗಿದ್ದರೆ ಸಾಕು. 6(2)ರ ಪ್ರಕಾರ ಏಕೆ ಬೇಕೆಂದು ಹೇಳಬೇಕಾಗಿಲ್ಲ. ಸಂಪ್ರದಾಯಸ್ಥರು ಈ ಅಪಚಾರವನ್ನು ಇನ್ನೂ ಕ್ಷಮಿಸಿಲ್ಲ.

ಪ್ರಸ್ತುತ ಸಂಶೋಧನೆಗೆ ಆಕರವಾದ ಪಠ್ಯ ಹಳೇ ಮೈಸೂರು ಸೀಮೆಯ ಒಂದು ಹೋಬಳಿಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರ ಪಂಚಾಂಗದ ಹಾಳೆಗಳ ನಡುವೆ ದೊರೆಯಿತು. ಮೇಷ್ಟ್ರು ತಮ್ಮ ಬೀದಿಯ ಚರಂಡಿ ಕಾಮಗಾರಿಯ ಅಳತೆ ಪುಸ್ತಕದ, ಅಂದರೆ ಎಂಬಿಯ, ದೃಢೀಕೃತ ಪ್ರತಿಯನ್ನು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೇಳಿದ್ದರು. ಉತ್ತರವಾಗಿ ಬಂದದ್ದು ಅಡ್ಡಲಾಗಿ ಹರಿದ ಅರ್ಧ ಹಾಳೆ. ದುಂಡು ಮೊಹರು ಸಹಿಯ ಮೇಲೆ ಎಷ್ಟು ಕರಾರುವಾಕ್ಕಾಗಿ ಬಿದ್ದಿದೆಯೆಂದರೆ ಸಹಿಯೂ ಓದಲಾಗದು, ಮೊಹರೂ ಓದಲಾಗದು. ಮೂಲಪಾಠ ಹೀಗಿದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲವೆಂದು ಈ ಮೂಲಕ ಹಿಂಬರಹ ನೀಡಿದೆ.’ ನೀಡಿದವರು ಯಾರೆಂಬುದಕ್ಕೆ ವಾಕ್ಯದಲ್ಲಿ ಕರ್ತೃಪದವಿಲ್ಲ. ಅಪೌರುಷೇಯತ್ವದ ಲಕ್ಷಣಗಳು ಇಲ್ಲಿ ಸ್ಪಷ್ಟವಾಗಿವೆ.

ಕಾಲನಿರ್ಣಯದ ಸಮಸ್ಯೆಯೂ ಇದೆ. ಹಿಂಬರಹದ ಮೇಲಿನ ತಾರೀಖು ಅರ್ಜಿ ಕೊಟ್ಟ 29ನೇ ದಿನದ್ದು. ಲಕೋಟೆಯ ಮೇಲೆ ಅಂಚೆಯವರು ಹೊಡೆದ ಮುದ್ರೆ ಅದಕ್ಕಿಂತ ಎರಡು ವಾರ ಈಚಿನದು. ಗ್ರಂಥಸಂಪಾದಕರು ಇಂಥದನ್ನು ಪಾಠಾಂತರ ಎನ್ನುತ್ತಾರೆ. ತಾಲ್ಲೂಕಿನಲ್ಲಿ ‘ಹಿಂದಿನ ತಾರೀಖು ಹಾಕೋದು’ ಎನ್ನುತ್ತಾರೆ. ಕಲಂ 7(1)ರ 30 ದಿನ ಮೀರಿದರೆ 7(6)ರಂತೆ ಪುಟಕ್ಕೆ 2 ರೂಪಾಯಿಯೂ ಇಲ್ಲದೆ ಪುಕ್ಕಟೆ ಕೊಡಬೇಕಾಗುತ್ತದೆ. ಆದ್ದರಿಂದ ಈ ಕ್ಷೇತ್ರದಲ್ಲಿ ಹಸ್ತಪ್ರತಿಗಿಂತ ಲಕೋಟೆಯೇ ಹೆಚ್ಚು ಪ್ರಾಮಾಣಿಕವೆಂಬುದು ವಿದ್ವಾಂಸರ ಒಮ್ಮತ. ಲಕೋಟೆ ಎಸೆದವನು ಸಂಶೋಧಕನೇ ಅಲ್ಲ.

ಛಂದಸ್ಸಿನ ಬಗ್ಗೆ ಎರಡು ಮಾತು. ಷಟ್ಪದಿಗೆ ಆರು ಪಾದ. ಕರ್ನಾಟಕದ ಮಾಹಿತಿ ಅರ್ಜಿಗೆ 150 ಪದ, ಒಂದೇ ವಿಷಯ. 2008ರಲ್ಲಿ ರಾಜ್ಯದ ನಿಯಮಗಳಿಗೆ ಸೇರಿದ ಲಕ್ಷಣವಿದು. ನಿಯಮದಲ್ಲಿ ‘ಸಾಮಾನ್ಯವಾಗಿ’ ಎಂಬ ಗಣ ಇದ್ದರೂ ಹಿಂಬರಹಕಾರರು ಅದನ್ನು ಲಘುವೆಂದೇ ಎಣಿಸುವ ಕಾರಣ, ಚರಂಡಿ ಒಂದು ವಿಷಯ, ಚರಂಡಿಯ ಬಿಲ್ಲು ಇನ್ನೊಂದು ವಿಷಯ ಎಂಬ ಪಂಥವೂ ಹುಟ್ಟಿಕೊಂಡಿದೆ. ಮೇಲ್ಮನವಿಗೆ ಈ ಬಂಧನವಿಲ್ಲ. ಅಲ್ಲಿ ಅರ್ಜಿದಾರ ರಗಳೆಯನ್ನೇ ಬರೆಯಬಹುದು. ಬಹಳ ಜನ ಬರೆಯುತ್ತಾರೆ ಕೂಡ.

ಮೌನದ ಪ್ರಕಾರವನ್ನೂ ಹೇಳಿ ಮುಂದುವರಿಯುತ್ತೇನೆ. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರು ಹೇಳಿದ್ದನ್ನು ಕಲಂ 7(2) ತಿರುವುಮುರುವು ಮಾಡಿದೆ: ಅವಧಿಯೊಳಗೆ ಅಧಿಕಾರಿ ಸುಮ್ಮನಿದ್ದರೆ ನಿರಾಕರಿಸಿದಂತೆ. ಹಾಗಾಗಿ ಉತ್ತರ ಬಂದರೂ ಮೇಲ್ಮನವಿ, ಬಾರದಿದ್ದರೂ ಮೇಲ್ಮನವಿ.

ಇನ್ನು ಪ್ರಬಂಧದ ತಿರುಳು. ‘ಲಭ್ಯವಿರುವುದಿಲ್ಲ’ ಎಂದರೆ ಯಾವ ‘ಇಲ್ಲ’? ಅನ್ನಂಭಟ್ಟನ ‘ತರ್ಕಸಂಗ್ರಹ’ ಅಭಾವವನ್ನು ನಾಲ್ಕಾಗಿ ಒಡೆಯುತ್ತದೆ. ಅನ್ನಂಭಟ್ಟ ಪಂಚಾಯ್ತಿ ಕಚೇರಿಗೆ ಅಲೆದಿದ್ದಕ್ಕೆ ದಾಖಲೆಯಿಲ್ಲ. ಅಂದರೆ ದಾಖಲೆ ಲಭ್ಯವಿಲ್ಲ.

ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ. ಅಂದರೆ ದಾಖಲೆ ಇನ್ನೂ ಹುಟ್ಟಿಲ್ಲ, ಮುಂದೆ ಹುಟ್ಟಲಿದೆ. ಸಾಮಾನ್ಯವಾಗಿ ವಿಚಾರಣೆಯ ಹಿಂದಿನ ರಾತ್ರಿ. ಒಂದೇ ಪೆನ್ನು, ಒಂದೇ ಕೈಬರಹ, ಎಂಟು ತಿಂಗಳ ಎಂಟು ನಮೂದುಗಳು ಕಂಡರೆ ಸುಖಪ್ರಸವವೆಂದು ತಿಳಿಯಬೇಕು.

ಪ್ರಧ್ವಂಸಾಭಾವಕ್ಕೆ ಆದಿಯಿದೆ, ಅಂತ್ಯವಿಲ್ಲ. ಇದು ಈ ಶಾಸ್ತ್ರದ ಅತ್ಯಂತ ಫಲವತ್ತಾದ ಶಾಖೆ. ಇದರ ಉಪಭೇದಗಳು: ಗೆದ್ದಲು; ಸೋರುವ ಮಾಡು; ‘ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸ್ಥಳಾಂತರಿಸುವ ಸಂದರ್ಭದಲ್ಲಿ’; ‘ಹಿಂದಿನ ಪಿಡಿಒ ಚಾರ್ಜ್ ಕೊಡುವಾಗ’. ಗೆದ್ದಲಿನ ವಿವೇಚನಾಶಕ್ತಿ ಪ್ರತ್ಯೇಕ ಅಧ್ಯಯನಕ್ಕೆ ಅರ್ಹ. ಒಂದೇ ಬೀರುವಿನಲ್ಲಿ ಕಂದಾಯ ಬಾಕಿದಾರರ ಪಟ್ಟಿಯನ್ನು ಮುಟ್ಟದೆ ಬಿಟ್ಟು, ಪಕ್ಕದ ಕಾಮಗಾರಿ ಕಡತದಲ್ಲಿ ಸಹಿಯಿರುವ ಪುಟಗಳನ್ನಷ್ಟೇ ತಿಂದು ಹೊರಡುವ ಕೀಟ ಪ್ರಪಂಚದಲ್ಲಿ ಬೇರೆಲ್ಲೂ ಇರಲಾರದು. ದೆಹಲಿ ಹೈಕೋರ್ಟು ಮಾತ್ರ 2013ರಲ್ಲಿ ಈ ಶಾಖೆಯ ಬುಡಕ್ಕೇ ಕೊಡಲಿ ಹಾಕಿತು. ಕಡತ ಕಾಣೆಯಾಗಿದೆ ಎಂಬುದು ಕಾಯಿದೆಯ ವಿನಾಯಿತಿಗಳಲ್ಲಿ ಇಲ್ಲ. ಚೆನ್ನಾಗಿ ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದೆಂದು ವಿಚಾರಣೆ ನಡೆಸಬೇಕು ಎಂಬುದು ಅದರ ನಿಲುವು. ಗೆದ್ದಲಿಗೆ ನೋಟಿಸು ಜಾರಿ ಮಾಡುವ ವಿಧಾನ ಇನ್ನೂ ರೂಪುಗೊಂಡಿಲ್ಲ.

ಅನ್ಯೋನ್ಯಾಭಾವವೆಂದರೆ ಘಟವು ಪಟವಲ್ಲ, ಪಂಚಾಯ್ತಿಯು ಎಂಜಿನಿಯರಿಂಗ್ ಉಪವಿಭಾಗವಲ್ಲ. ಹಾಗಾದರೆ ಕಲಂ 6(3)ರಂತೆ 5 ದಿನದೊಳಗೆ ಅರ್ಜಿಯನ್ನು ಅತ್ತ ದಾಟಿಸಬೇಕಿತ್ತು. ಅತ್ಯಂತಾಭಾವವು ಮೂರು ಕಾಲದಲ್ಲೂ ಇಲ್ಲದಿರುವುದು. ಅದರ ವಿಷಯ ಮುಂದೆ ಬರುತ್ತದೆ.

ವೈಯಕ್ತಿಕ ಮಾಹಿತಿ ಎಂಬ ಪ್ರತಿಸ್ಪರ್ಧಿ ಸಿದ್ಧಾಂತವೊಂದಿದೆ. ಕಲಂ 8(1)(ಜೆ)ಯಲ್ಲಿ ಮೊದಲಿದ್ದ ಷರತ್ತುಗಳನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಕತ್ತರಿಸಿ ಚುಟುಕಾಗಿಸಿದ ಮೇಲೆ, ಗುತ್ತಿಗೆದಾರನ ಬಿಲ್ಲೂ ಅವನ ಅಂತರಂಗದ ಸಂಗತಿ ಎನ್ನುವವರು ಹೆಚ್ಚುತ್ತಿದ್ದಾರೆ. ಸಾರ್ವಜನಿಕ ಹಿತಾಸಕ್ತಿಯ 8(2) ಇನ್ನೂ ಜೀವಂತವಾಗಿದೆಯೆಂದು ಅವರ ಕಿವಿಗೆ ಹಾಕಬೇಕು.

ಈಗ ಮೇಷ್ಟ್ರ ಖಂಡನಗ್ರಂಥಕ್ಕೆ ಬರೋಣ. ಕಲಂ 19(1)ರಂತೆ ಹಿಂಬರಹ ಕೈಸೇರಿದ 30 ದಿನದೊಳಗೆ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜನ ಕರೆಯುವಂತೆ ಇಒ ಸಾಹೇಬರಿಗೆ, ಸಲ್ಲಿಸಿದ್ದು. ಮೇಷ್ಟ್ರು ಸಿಟ್ಟನ್ನು ಒಂದು ಸಾಲಿಗೂ ಬಿಟ್ಟುಕೊಳ್ಳದೆ ಬರೆದಿದ್ದಾರೆ. ನಿರಾಕರಿಸುವವರು ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರನ್ನೂ ಕೊಡಬೇಕೆಂದು 7(8) ಹೇಳುತ್ತದೆ, ಅರ್ಧ ಹಾಳೆಯಲ್ಲಿ ಒಂದೂ ಇಲ್ಲ. ನಿರಾಕರಣೆ ಸರಿಯೆಂದು ರುಜುವಾತು ಮಾಡುವ ಭಾರ 19(5)ರಂತೆ ಮಾಹಿತಿ ಅಧಿಕಾರಿಯದು, ನನ್ನದಲ್ಲ. ಇಷ್ಟಾದ ಮೇಲೆ ಅವರು ಅರ್ಥಾಪತ್ತಿ ಪ್ರಮಾಣವನ್ನು ಹೂಡುತ್ತಾರೆ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ಮೈತುಂಬಿಕೊಂಡಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹಾಗೆಯೇ, ಎಂಬಿ ಬರೆಯದೆ ಬಿಲ್ಲು ಪಾಸಾಗದು, ಬಿಲ್ಲು ಪಾವತಿಯಾಗಿದೆಯೆಂದು ‘ಪಂಚತಂತ್ರ’ ಹೇಳುತ್ತಿದೆ (ವಿಷ್ಣುಶರ್ಮನದಲ್ಲ, ಗ್ರಾಮೀಣಾಭಿವೃದ್ಧಿ ಇಲಾಖೆಯ ತಂತ್ರಾಂಶ, ನೀತಿ ಮಾತ್ರ ಎರಡರಲ್ಲೂ ಇದೆ), ಆದ್ದರಿಂದ ಎಂಬಿ ಎಲ್ಲೋ ಇದೆ. ಇಲ್ಲಿ ದೇವದತ್ತ ಯಾರೆಂದು ಮೇಷ್ಟ್ರು ಬಿಡಿಸಿ ಹೇಳಿಲ್ಲ.

ವಿಚಾರಣೆ ಬೆಳಿಗ್ಗೆ 11ಕ್ಕೆ ಎಂದು ನೋಟಿಸು. ಸಾಹೇಬರು ಕೆಡಿಪಿ ಸಭೆ ಮುಗಿಸಿ ಬಂದಾಗ ಮಧ್ಯಾಹ್ನದ ಊಟದ ವೇಳೆ ದಾಟಿತ್ತು. ಕ್ಷೇತ್ರಕಾರ್ಯದ ಟಿಪ್ಪಣಿಯಿಂದ:

‘ಏನ್ ಮೇಷ್ಟ್ರೇ, ಇಷ್ಟಕ್ಕೆಲ್ಲ ಅಪೀಲು ಯಾಕೆ? ಒಂದು ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?’

‘ಫೋನಿಗೆ ಸ್ವೀಕೃತಿ ಕೊಡಲ್ಲವಲ್ಲ ಸಾರ್.’

‘ರೀ ಪಿಡಿಒ, ಎಂಬಿ ಎಲ್ರೀ?’

‘ಜೆಇ ಹತ್ರ ಇದೆ ಸಾರ್.’

‘ಜೆಇ ಎಲ್ಲಿ?’

‘ಅವರು ಇನ್‌ಚಾರ್ಜು ಸಾರ್.’

‘ಎಲ್ಲಿಗೆ?’

‘ಎಲ್ಲಾ ಕಡೆಗೂ ಸಾರ್.’

ಸರ್ವವ್ಯಾಪಿಯಾದ ಜೆಇಯ ಮುಂದೆ ನ್ಯಾಯಶಾಸ್ತ್ರ ಕ್ಷಣಕಾಲ ತಡವರಿಸಿತು. ಆದರೆ ‘ಜೆಇ ಹತ್ರ ಇದೆ’ ಎಂಬ ಮಾತು ಬಾಯಿಂದ ಬಿದ್ದಾಗಿತ್ತು; ‘ಲಭ್ಯವಿಲ್ಲ’ ಎಂಬ ಪೂರ್ವಪಕ್ಷ ಅಲ್ಲಿಗೇ ಸತ್ತಿತು. ಮೇಷ್ಟ್ರು ಅದನ್ನು ನಡಾವಳಿಯಲ್ಲಿ ಬರೆಸಿಕೊಂಡೇ ಎದ್ದರು.

ಮೊದಲ ಮೇಲ್ಮನವಿ 30 ದಿನದಲ್ಲಿ, ಕಾರಣ ಬರೆದಿಟ್ಟರೆ 45 ದಿನದಲ್ಲಿ, ತೀರ್ಮಾನವಾಗಬೇಕು. ದಂಡ ಹಾಕುವ ಅಧಿಕಾರ ಇಒಗೆ ಇಲ್ಲ; ಅದು ಮಾಹಿತಿ ಆಯೋಗದ್ದು. ಅಲ್ಲಿಗೆ ಹೋಗಲು 90 ದಿನದ ಅವಕಾಶವಿದೆ, ಆದರೆ ಹೋದ ಮೇಲೆ ಆಯೋಗ ಇಂತಿಷ್ಟು ದಿನದಲ್ಲಿ ಮುಗಿಸಬೇಕೆಂದು ಶಾಸನ ಹೇಳಿಲ್ಲ. ಕಾಲವನ್ನು ಅಲ್ಲಿ ಮನ್ವಂತರಗಳಲ್ಲಿ ಎಣಿಸುವುದು ವಾಡಿಕೆ. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ನೂರನೇ ದಿನದಿಂದಾಚೆಗೆ ವಿಳಂಬ ಪುಕ್ಕಟೆಯೆಂಬುದು ಕೋಷ್ಟಕವಿಲ್ಲದೆಯೂ ತಿಳಿಯುವ ಗಣಿತ.

ಇಒ ಆದೇಶದಂತೆ ಪ್ರತಿ ಬಂತು, ಶುಲ್ಕವಿಲ್ಲದೆ. ಚರಂಡಿಯ ಉದ್ದ, ಅಗಲ, ಆಳ, ಕಾಂಕ್ರೀಟಿನ ದಪ್ಪ ಎಲ್ಲವೂ ಮೀಟರಿನ ಎರಡು ದಶಾಂಶದವರೆಗೆ ನಮೂದಾಗಿವೆ. ಕೆಳಗೆ ಎರಡು ಸಹಿ. ಮೇಷ್ಟ್ರು ಮೊಮ್ಮಗನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಬೀದಿಗಿಳಿದರು. ಅರಳಿಕಟ್ಟೆಯವರೆಗೆ ಚರಂಡಿ ಇತ್ತು. ಅಲ್ಲಿಂದಾಚೆ ಪಾರ್ಥೇನಿಯಂ, ಒಂದು ಹಂದಿ, ಮತ್ತು ಮೂರು ಕಾಲದಲ್ಲೂ ಅಬಾಧಿತವಾದ ಅತ್ಯಂತಾಭಾವ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಅಭಾವ ನಿವಾರಣೆಯಾಗಲಿಲ್ಲ, ಅದರ ಅಧಿಕರಣವಷ್ಟೇ ಬೀರುವಿನಿಂದ ಬೀದಿಗೆ ಬಂತು.

ಕಾಯಿದೆಯ ಕಲಂ 2(ಜೆ) ಕಾಗದಕ್ಕಷ್ಟೇ ನಿಲ್ಲುವುದಿಲ್ಲ. ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಮೇಷ್ಟ್ರು ಮತ್ತೊಂದು ಪೋಸ್ಟಲ್ ಆರ್ಡರ್ ತಂದು, ಅರಳಿಕಟ್ಟೆಯಿಂದಾಚೆಗಿನ ಚರಂಡಿಯನ್ನು ತೋರಿಸಬೇಕೆಂದೂ ಅದರ ಕಾಂಕ್ರೀಟಿನ ಮಾದರಿ ಕೊಡಬೇಕೆಂದೂ ಒಂದೇ ವಿಷಯದಡಿ, 150 ಪದ ಮೀರದಂತೆ ಅರ್ಜಿ ಹಾಕಿದರು. ಈ ಸಲ ಪೂರ್ತಿ ಹಾಳೆಯ ಹಿಂಬರಹ ಬಂತು. ಮೊಹರಿನ ಪಕ್ಕದಲ್ಲಿ ಸಹಿ ಸ್ಪಷ್ಟವಾಗಿದೆ, ಕಾರಣ, ಮೇಲ್ಮನವಿಯ ಅವಧಿ, ಇಒ ವಿಳಾಸ ಎಲ್ಲವೂ 7(8)ರಂತೆ ಕ್ರಮವಾಗಿವೆ. ಪಠ್ಯ: ‘ತಾವು ಕೋರಿರುವ ಚರಂಡಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’

ಇದು ಸಕಲ ಪ್ರಮಾಣಗಳಿಂದಲೂ ಸತ್ಯ. ಇದರ ಮೇಲೆ ಅಪೀಲು ಹೇಗೆ ಬರೆಯುವುದೆಂದು ಮೇಷ್ಟ್ರು ಯೋಚಿಸುತ್ತಿದ್ದಾರೆ. 30 ದಿನ ಇದೆ.