‘ನಾನು ಸುರಿಯಬೇಕೆಂದೇ ಬಂದಿದ್ದೆ’: ಬಿತ್ತನೆಗೆ ಸಿಕ್ಕಿಬಿದ್ದ ಮೋಡದ ಸಂದರ್ಶನ

(ಬೆಂಗಳೂರಿನ ಜಕ್ಕೂರಿನ ಮೇಲೆ ಸಿಕ್ಕಿತು. ‘ಗಾಳಿ ಎದ್ದರೆ ಆಂಧ್ರಕ್ಕೆ ಹೊರಡಬೇಕು, ಬೇಗ ಕೇಳಿ’ ಎಂದಿತು.)

ಪ್ರಶ್ನೆ: ಮೋಡ ಬಿತ್ತನೆಗೆಂದು 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಯೋಜನೆ. ನಮ್ಮ ಸರ್ಕಾರಕ್ಕೆ ನಿಮ್ಮ ಮೇಲೆ ಎಷ್ಟು ಪ್ರೀತಿ!

ಮೋಡ: ಬರ ಬಿದ್ದಾಗ ಮಾತ್ರ. ಆದರೆ ಆಗ ನಾನೇ ಇರುವುದಿಲ್ಲವಲ್ಲ ಸ್ವಾಮಿ! ವಿಮಾನದಿಂದ ಬಿತ್ತುವ ಸಿಲ್ವರ್ ಅಯೋಡೈಡ್ ಮೋಡವನ್ನು ಹುಟ್ಟಿಸುವುದಿಲ್ಲ. ನನ್ನೊಳಗೆ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದೂ ಹೆಪ್ಪುಗಟ್ಟದೆ ಕೂತ ನೀರಿರುತ್ತದೆ. ಆ ನೀರು ಹರಳಾಗಲು ಸಿಲ್ವರ್ ಅಯೋಡೈಡ್ ಒಂದು ಆಸರೆ ಕೊಡುತ್ತದೆ, ಅಷ್ಟೇ.

ಪ್ರಶ್ನೆ: 2017ರಲ್ಲಿ ಬಿತ್ತಿದ ಮೇಲೆ ಮಳೆ ಬಂತಲ್ಲ?

ಮೋಡ: ಬಿತ್ತುವ ಮೊದಲೂ ಬಂತು. ಆಗಸ್ಟ್ 15ಕ್ಕೇ ಬೆಂಗಳೂರನ್ನು ತೋಯಿಸಿ ತೊಪ್ಪೆ ಮಾಡಿದ್ದೆವು, ವಿಮಾನ ಇನ್ನೂ ನೆಲದ ಮೇಲಿತ್ತು. ಅದರ ಬಿಲ್ ಯಾರಿಗೆ ಕಳಿಸಲಿ?

ಪ್ರಶ್ನೆ: ಹಾಗಾದರೆ ಬಿತ್ತನೆ ಬರೀ ಬೊಗಳೆ?

ಮೋಡ: ಅದೂ ಅವಸರದ ಮಾತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ಸೊಲ್ಲಾಪುರದ ಮೇಲೆ ನಮ್ಮವರಲ್ಲಿ 276 ಮಂದಿಯನ್ನು ಆರಿಸಿದರು. ಲಾಟರಿ ಎತ್ತಿದ ಹಾಗೆ ಕೆಲವು ಮೋಡಗಳಿಗೆ ಬಿತ್ತಿ, ಉಳಿದವನ್ನು ಸುಮ್ಮನೆ ಬಿಟ್ಟರು. ಮಳೆ ಸುಮಾರು ಶೇ 18ರಷ್ಟು ಹೆಚ್ಚಿತು ಎಂದರು. ಇಸ್ರೇಲಿನವರು ದಶಕಗಟ್ಟಲೆ ಬಿತ್ತಿದರು, ಕೊನೆಗೆ ಏಳು ವರ್ಷ ಹೀಗೆಯೇ ಪರೀಕ್ಷಿಸಿದರು. ಲಾಭ ಶೇ 2ನ್ನೂ ಮುಟ್ಟಲಿಲ್ಲವೆಂದು ಅಂಗಡಿ ಮುಚ್ಚಿದರು.

ಪ್ರಶ್ನೆ: ಯಾರನ್ನು ನಂಬೋಣ?

ಮೋಡ: ಇಬ್ಬರನ್ನೂ. ಆ ಮೋಡ ಬೇರೆ, ಈ ಮೋಡ ಬೇರೆ. ವಿಜ್ಞಾನಿ ‘ಇಂಥ ಮೋಡಕ್ಕೆ, ಇಂಥ ಕಡೆ, ಇಷ್ಟರಿಂದ ಇಷ್ಟರವರೆಗೆ’ ಎಂದು ಬರೆದುಕೊಡುತ್ತಾನೆ. ಕಡತ ವಿಧಾನಸೌಧದ ಮೆಟ್ಟಿಲು ಹತ್ತುವಷ್ಟರಲ್ಲಿ ಉಳಿದದ್ದೆಲ್ಲ ಉದುರಿ ದೊಡ್ಡ ಅಂಕಿಯೊಂದೇ ಉಳಿದಿರುತ್ತದೆ.

ಪ್ರಶ್ನೆ: ಇಲ್ಲೂ ಹಾಗೆ ಅಳೆದು ನೋಡಬಹುದಲ್ಲ?

ಮೋಡ: ಅಳೆಯಬೇಕಾದರೆ ಅರ್ಧ ಮೋಡಗಳನ್ನು ಬಿತ್ತದೆ ಬಿಡಬೇಕು. ‘ನಮ್ಮ ತಾಲ್ಲೂಕಿನ ಮೋಡ ಹೋಲಿಕೆಗೆ ಇರಲಿ’ ಎನ್ನುವ ಶಾಸಕರಿದ್ದರೆ ಕರೆತನ್ನಿ, ಅವರ ಮೇಲೆ ಪುಕ್ಕಟೆ ಸುರಿಯುತ್ತೇನೆ. ಬರದಲ್ಲಿ ಏನೋ ನಡೆಯುತ್ತಿದೆ ಎಂದು ಜನಕ್ಕೆ ಕೇಳಿಸಬೇಕು. ಕೆರೆಯ ಹೂಳೆತ್ತಿದರೆ ವಿಮಾನದ ಸದ್ದು ಬರುವುದಿಲ್ಲ.

(ಹೂಳಿನ ಮಾತು ಬಂದಾಗ ಮೋಡದ ಮುಖ ಕಪ್ಪಾಯಿತು. ನಾನು ಕೊಡೆ ಬಿಚ್ಚಿದೆ.)

ಪ್ರಶ್ನೆ: ಈಗ ಸುರಿಯುತ್ತೀರಾ?

ಮೋಡ: ಹತ್ತರಲ್ಲಿ ಆರು ಪಾಲು ಹೌದು. ಪತ್ರಿಕೆಯಲ್ಲಿ ‘ಖಚಿತ’ ಅಂತ ಹಾಕಬೇಡಿ. ನಾಳೆ ಅದನ್ನೇ ಹಿಡಿದು ಟೆಂಡರ್ ಕರೆದುಬಿಡುತ್ತಾರೆ.